ಬಂದರು ಸೇರಿದರೂ ನೆಲ ಸಿಗದವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಕಡಲ ಮೊರೆತ ಕೇಳಿಸದ ಊರುಗಳಿವು. ಆದರೂ ಕೊಂಕಣಿಯಲ್ಲಿ ‘ತಾರ್ವಟಿ’ ಎಂದು ಕರೆಯಲ್ಪಡುವ ಹಡಗಿನ ಉದ್ಯೋಗಿ ನಮ್ಮ ಧರ್ಮಕೇಂದ್ರಗಳಿಗೆ ಅಪರಿಚಿತನಲ್ಲ. ಬಂಟ್ವಾಳವಂತೂ ಹಿಂದೆ ಸ್ವತಃ ದೋಣಿಗಳ ಪೇಟೆಯಾಗಿತ್ತು. ಘಟ್ಟದ ಕಾಫಿ ಇಲ್ಲಿಂದ ನೇತ್ರಾವತಿಯ ಮೂಲಕ ಮಂಗಳೂರಿಗೆ ಸಾಗುತ್ತಿತ್ತು. ಆ ದೋಣಿಯವನಿಗೆ ದಡ ಸದಾ ಹತ್ತಿರವಿತ್ತು. ಇಂದಿನ ತಾರ್ವಟಿಗೆ ದಡ ಕಣ್ಣಿಗೆ ಬಿದ್ದರೂ ಕಾಲಿಗೆ ಸಿಗುವುದಿಲ್ಲ. ಜುಲೈ ತಿಂಗಳ ಎರಡನೆಯ ರವಿವಾರವನ್ನು ಧರ್ಮಸಭೆಯು ಸಮುದ್ರಯಾನಿಗಳಿಗಾಗಿ ಮೀಸಲಿಟ್ಟಿದೆ. ಬಿರುಗಾಳಿಯಿಂದ, ಕಡಲ್ಗಳ್ಳರಿಂದ ಅವರನ್ನು ಕಾಪಾಡೆಂದು ಅಂದು ಪ್ರಾರ್ಥಿಸುತ್ತೇವೆ. ಬಂದರಿನ ಊರಿನಲ್ಲಿ ಕಳೆಯಬೇಕಾದ ಒಂದು ದಿನ ಅವರ ಕೈತಪ್ಪುತ್ತಿರುವ ಸಂಗತಿ ನಮ್ಮ ಪ್ರಾರ್ಥನೆಯಲ್ಲಿ ಸೇರುವುದು ವಿರಳ.

ಈ ಒಂದು ದಿನ ಕಪ್ತಾನನ ಕೃಪೆಯಲ್ಲ, ಹಕ್ಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕ ಒಡಂಬಡಿಕೆಯು 2013ರಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಕರ್ತವ್ಯಕ್ಕೆ ಬಾಧಕವಾಗದಂತೆ, ನಾವಿಕನ ಆರೋಗ್ಯ ಹಾಗೂ ಕ್ಷೇಮಕ್ಕಾಗಿ ದಡಕ್ಕಿಳಿಯುವ ರಜೆ ಕೊಡತಕ್ಕದ್ದೆಂದು ಅದು ವಿಧಿಸುತ್ತದೆ. ಹೀಗಿದ್ದೂ ಈ ಹಕ್ಕು ಸವೆಯುತ್ತಿರುವುದೇಕೆ? ಮೊದಲ ಕಾರಣ ವೇಗ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಲೆಕ್ಕದಂತೆ 2018ರಲ್ಲಿ ಹಡಗೊಂದು ಬಂದರಿನಲ್ಲಿ ತಂಗುತ್ತಿದ್ದುದು ಸಾಮಾನ್ಯವಾಗಿ ಒಂದು ದಿನಕ್ಕಿಂತ ತುಸು ಕಡಿಮೆ. ಕಂಟೈನರ್ ಹಡಗುಗಳದು ಇನ್ನೂ ಅವಸರ. ಅಷ್ಟರೊಳಗೆ ಸರಕು, ಇಂಧನ, ತಪಾಸಣೆ, ಕಾವಲು ಎಲ್ಲವೂ ಮುಗಿಯಬೇಕು. ಇನ್ನೊಂದು ಕಾರಣ ಭಯ. 2001ರ ಸೆಪ್ಟೆಂಬರ್ ದಾಳಿಯ ಪರಿಣಾಮವಾಗಿ 2004ರಲ್ಲಿ ಹೊಸ ಭದ್ರತಾ ನಿಯಮಗಳು ಜಾರಿಯಾದವು, ಬಂದರುಗಳು ಕೋಟೆಗಳಾದವು. ಅಮೆರಿಕದಲ್ಲಿ ವೀಸಾ ಇಲ್ಲದ ನಾವಿಕ ಹಡಗಿನ ಏಣಿ ಇಳಿಯುವಂತಿಲ್ಲ. ಎಷ್ಟೋ ಕಡೆ ಇಳಿದರೂ ಪೇಟೆ ಮೈಲುಗಟ್ಟಲೆ ದೂರ. ಬಾಡಿಗೆ ಕಾರಿನವನು ಪರದೇಶಿಯ ಮುಖ ನೋಡಿಯೇ ದರ ಹೇಳುತ್ತಾನೆ. (ಈ ವಿದ್ಯೆಯಲ್ಲಿ ನಮ್ಮ ಕರಾವಳಿಯೂ ಹಿಂದೆ ಬಿದ್ದಿಲ್ಲವೆಂದು ನಮ್ಮ ಅನುಮಾನ.)

ಸುಪ್ತವಾಗಿರುವುದಕ್ಕೂ ಸಾಕಾರಗೊಂಡಿರುವುದಕ್ಕೂ ಅರಿಸ್ಟಾಟಲನು ಭೇದ ಕಲ್ಪಿಸಿದನು. ಬೀಜದೊಳಗೆ ಮರವಿದೆ ನಿಜ, ಆದರೆ ಅದರ ನೆರಳಿನಲ್ಲಿ ಯಾರೂ ಕೂರಲಾರರು. ನಾವಿಕನ ಹಕ್ಕು ಇಂದು ಅಂಥ ಬೀಜಾವಸ್ಥೆಯಲ್ಲಿದೆ. 2020ರ ಮಹಾಮಾರಿಯಲ್ಲಿ ಅದು ಬಟ್ಟಬಯಲಾಯಿತು: ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಮನೆಗೆ ಮರಳಲಾರದೆ ಹಡಗುಗಳಲ್ಲೇ ಉಳಿದರು. ಔಷಧ, ಧಾನ್ಯ, ಇಂಧನಗಳು ಇಳಿದವು, ತಂದವನು ಇಳಿಯಲಿಲ್ಲ. ಆ ಜೂನ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರಿಗಾಗಿಯೇ ಸಂದೇಶ ನೀಡಿದ್ದರು.

‘ಈಗ ದಿನಾ ಫೋನಿನಲ್ಲಿ ಮುಖ ಕಾಣುತ್ತದಲ್ಲ ಫಾದರ್’ ಎನ್ನುವ ಮಡದಿಯರಿದ್ದಾರೆ. ಹಡಗಿನಲ್ಲಿ ಇಂಟರ್ನೆಟ್ ಸೌಲಭ್ಯ ಒದಗಿಸಬೇಕೆಂಬ ತಿದ್ದುಪಡಿ 2024ರ ಡಿಸೆಂಬರ್‌ನಲ್ಲಿ ಜಾರಿಯಾದದ್ದು ಸಂತೋಷದ ವಿಷಯವೇ. ಆದರೆ ಫೋನು ದಡಕ್ಕೆ ಬದಲಿಯಲ್ಲ. ಮನೆಯ ಚಿಂತೆಯನ್ನು ಅದು ಹಡಗಿಗೆ ತಲಪಿಸುತ್ತದೆ, ಮನುಷ್ಯನನ್ನು ಹಡಗಿನಿಂದ ಹೊರತರುವುದಿಲ್ಲ.

ಇದೇ ಮಾತನ್ನು ಪಣಂಬೂರಿನ ಕಡೆಯಿಂದಲೂ ನೋಡಬೇಕು. ನವಮಂಗಳೂರು ಬಂದರಿಗೆ ಕಚ್ಚಾತೈಲ, ಕಲ್ಲಿದ್ದಲು ಹೊತ್ತು ಬರುವ ಹಡಗುಗಳಲ್ಲೂ ಯಾರದೋ ಮಕ್ಕಳಿದ್ದಾರೆ. ಫಿಲಿಪ್ಪೀನ್ಸ್‌ನವರಾದರೆ ಬಹುಮಟ್ಟಿಗೆ ನಮ್ಮದೇ ವಿಶ್ವಾಸದವರು. ಗೇಟಿನ ಹೊರಗೆ ಬಂದವನು ಬೇಡುವುದು ದೊಡ್ಡದೇನಲ್ಲ: ಹಣ ಬದಲಾಯಿಸುವ ಜಾಗ, ಹಡಗಿನ ಭಂಡಾರಿಯದಲ್ಲದ ಕೈಯ ಊಟ, ಅಲುಗಾಡದ ನೆಲದ ಮೇಲೆ ನೂರು ಹೆಜ್ಜೆ, ಸಾಧ್ಯವಾದರೆ ಒಂದು ಬಲಿಪೂಜೆ. 1920ರಲ್ಲಿ ಗ್ಲಾಸ್ಗೋದಲ್ಲಿ ಆರಂಭಗೊಂಡು ಇಂದು ‘ಸ್ಟೆಲ್ಲಾ ಮಾರಿಸ್’ ಎನಿಸಿಕೊಂಡಿರುವ ಸಮುದ್ರ ಪ್ರೇಷಿತ ಸೇವೆಯ ಕೆಲಸ ಬಹುಪಾಲು ಇಷ್ಟೇ. ನಮ್ಮ ಹುಡುಗ ಪರದೇಶದ ಬಂದರಿನಲ್ಲಿ ಅದನ್ನು ನಿರೀಕ್ಷಿಸುವುದಾದರೆ, ಇಲ್ಲಿ ಬಂದವನಿಗೂ ಅದು ಸಲ್ಲಬೇಕು.

ದಡಕ್ಕಿಳಿಯಲು ವೀಸಾ ಅಥವಾ ವಿಶೇಷ ಪರವಾನಿಗೆ ಕೇಳಬಾರದೆಂಬ ತಿದ್ದುಪಡಿಗೆ 2025ರಲ್ಲಿ ಜಿನೀವಾದಲ್ಲಿ ಒಪ್ಪಿಗೆ ದೊರೆತಿದೆ. 2027ರ ಡಿಸೆಂಬರ್‌ನಲ್ಲಿ ಜಾರಿಯಾಗುವ ನಿರೀಕ್ಷೆಯಿದೆ. ಆದರೆ ಧಣಿಯೇ ಕೈಬಿಟ್ಟ ಹಡಗಿನಲ್ಲಿ ಸಿಲುಕಿದವನಿಗೆ ಯಾವ ತಿದ್ದುಪಡಿ? 2017ರಲ್ಲಿ ಈಜಿಪ್ಟಿನ ಸುಯೆಜ್ ಬಳಿಯ ಅದಬಿಯಾ ಬಂದರಿನಲ್ಲಿ ‘ಅಮಾನ್’ ಎಂಬ ಹಡಗನ್ನು ತಡೆಹಿಡಿಯಲಾಯಿತು. ಸಿರಿಯಾದ ಮೊಹಮ್ಮದ್ ಆಯಿಷಾ ಎಂಬ ಅಧಿಕಾರಿಯನ್ನು ನ್ಯಾಯಾಲಯವು ಹಡಗಿನ ಪಾಲಕನೆಂದು ಗೊತ್ತುಮಾಡಿತು. ಕ್ರಮೇಣ ಉಳಿದವರೆಲ್ಲ ಹೊರಟುಹೋದರು, ಈತನೊಬ್ಬನೇ ಉಳಿದ. ತಾಯಿ ತೀರಿಕೊಂಡಾಗಲೂ ಆತ ಅಲ್ಲೇ ಇದ್ದ. 2020ರ ಬಿರುಗಾಳಿ ಹಡಗನ್ನು ದಡದ ಸಮೀಪಕ್ಕೆ ತಳ್ಳಿದ ಮೇಲೆ, ಕೆಲವು ದಿನಗಳಿಗೊಮ್ಮೆ ಈಜಿ ಹೋಗಿ ಆಹಾರ ತಂದುಕೊಂಡು, ಫೋನು ಚಾರ್ಜ್ ಮಾಡಿಕೊಂಡು ಮರಳುತ್ತಿದ್ದ. ಬಿಡುಗಡೆ ದೊರೆತದ್ದು 2021ರ ಏಪ್ರಿಲ್‌ನಲ್ಲಿ.

ಇದು ದೂರದ ಕಥೆಯಲ್ಲ. ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಲ್ಲಿ 2024ರಲ್ಲಿ ಮಾಲೀಕರು ಕೈಬಿಟ್ಟ ಹಡಗುಗಳು 312, ನಾವಿಕರು 3,133. ಅವರಲ್ಲಿ ಭಾರತೀಯರೇ ಅತ್ಯಧಿಕ. ಆದುದರಿಂದ ಮಗನನ್ನು ಹಡಗಿಗೆ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಿಗೆ ಇದೆಯೇ ಎಂದು ಮೊದಲು ವಿಚಾರಿಸಿರಿ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ನಿಷಿದ್ಧ. ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿರಿ. ಒಪ್ಪಂದಪತ್ರದ ಒಂದು ಪ್ರತಿ ಮನೆಯಲ್ಲಿರಲಿ, ಅದರ ಬದಿಯಲ್ಲಿ ಹಡಗಿನ ಏಳಂಕಿಯ ಐಎಂಒ ಸಂಖ್ಯೆಯನ್ನೂ ಬರೆದಿಡಿರಿ. ಹಡಗಿನ ಹೆಸರು, ಧ್ವಜ, ಧಣಿ ಮೂರೂ ಬದಲಾಗಬಹುದು. ಆ ಸಂಖ್ಯೆ ಬದಲಾಗುವುದಿಲ್ಲ.