ಐ7 ಸ್ಟಿಕ್ಕರ್‌ಗೆ ದುಡ್ಡು ಸುರಿಯಬೇಡಿ

‘ಇದು ಐ7 ಸಾರ್, ಐ5ಗಿಂತ ಫಾಸ್ಟು.’ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿದರೆ ಅಂಗಡಿಯಲ್ಲಿ ಸಿಗುವ ಮೊದಲ ಮಾತು ಇದು. ನಮ್ಮಲ್ಲೇ ಒಬ್ಬರು ಇದನ್ನು ನಂಬಿ ಹೆಚ್ಚಿಗೆ ದುಡ್ಡು ಕೊಟ್ಟು ಬಂದರು. ಆ ಮಾತು ಎಷ್ಟು ಪೊಳ್ಳು ನೋಡಿ.

ಇಂಟೆಲ್‌ನ ಐ7-7500ಯು 2016ರದ್ದು, ಐ5-8250ಯು 2017ರದ್ದು. ಎರಡೂ 15 ವ್ಯಾಟ್‌ನವು. ಆದರೆ ಆ ಐ7ನಲ್ಲಿರುವುದು 2 ಕೋರ್, ಈ ಐ5ನಲ್ಲಿ 4. ಕ್ಯಾಶ್ ಅದರಲ್ಲಿ 4 ಎಂಬಿ, ಇದರಲ್ಲಿ 6.

‘ಐ7 ಸ್ಪೀಡು 2.7 ಗಿಗಾಹರ್ಟ್ಸ್, ಐ5ದು ಬರೀ 1.6’ ಎಂದು ಅಂಗಡಿಯವರು ಬಾಯಿ ಮುಚ್ಚಿಸುತ್ತಾರೆ. ಅದು ಮೂಲ ವೇಗ ಮಾತ್ರ. ಕೆಲಸ ಬಿದ್ದಾಗ ಏರುವ ಗರಿಷ್ಠ ವೇಗ 3.5 ಮತ್ತು 3.4, ಹೆಚ್ಚೂಕಡಿಮೆ ಒಂದೇ.

ಸುದ್ದಿ ಟೈಪಿಸಿ ಮೇಲ್ ಮಾಡುವಷ್ಟಕ್ಕೆ ವ್ಯತ್ಯಾಸ ಗೊತ್ತಾಗದು, ಒಪ್ಪುತ್ತೇವೆ. ಆದರೆ ಈಗ ತಾಲ್ಲೂಕು ವರದಿಗಾರರೇ ವಿಡಿಯೋ ಎಡಿಟ್ ಮಾಡಬೇಕು, ಕರೆಂಟು ಹೋಗುವ ಮೊದಲೇ ಕಳಿಸಬೇಕು. ಅಲ್ಲಿ ದುಡಿಯುವುದು ಕೋರ್‌ಗಳು, ಸ್ಟಿಕ್ಕರ್ ಅಲ್ಲ.

ಇನ್ನೂ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 8250ಯು ಇದೆ, 7500ಯು ಇಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ಐ7 ಹೆಸರಲ್ಲಿ ಹೆಚ್ಚು ಬೆಲೆ ಕೀಳುವುದು ವ್ಯಾಪಾರವಲ್ಲ, ಮೋಸ.

ಸಾಲ ಮಾಡಿ ಕೊಳ್ಳುವ ಗೆಳೆಯರೇ, ಲ್ಯಾಪ್‌ಟಾಪ್ ಆನ್ ಮಾಡಿಸಿ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್‌ನ ಪೂರ್ತಿ ಹೆಸರು ಓದಿ, ಕೋರ್ ಎಣಿಸಿ. ಆಮೇಲೆ ರೇಟು ಮಾತಾಡಿ.