ಹಲ್ಲುನೋವು ಮದುವೆ ಮುಗಿಯುವವರೆಗೆ ಕಾಯುತ್ತದೆಯೇ?

ಬಂಟ್ವಾಳ ತಾಲೂಕಿನಿಂದ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ. ಅವಳ ಬಲಬದಿಯ ಕೆಳ ದವಡೆ ಹಲ್ಲಿನಲ್ಲಿ ತೂತು ಬಿದ್ದಿದೆ. ಎಂಟು ತಿಂಗಳಿನಿಂದ ಎಡಬದಿಯಲ್ಲಿ ಮಾತ್ರ ಅಗಿಯುತ್ತಿದ್ದಾಳೆ. ರಾತ್ರಿ ನೋವು ಎದ್ದರೆ ಲವಂಗ ಕಚ್ಚಿಕೊಂಡು ಮಲಗುತ್ತಾಳೆ, ಅದಕ್ಕೂ ಕೇಳದಿದ್ದರೆ ಮೆಡಿಕಲ್‌ನಿಂದ ತಂದ ಮಾತ್ರೆ. ಉಮ್ಮನಿಗೆ ಹೇಳಿದರೆ ಅಕ್ಕನ ಮದುವೆಯೊಂದು ಮುಗಿಯಲಿ ಎನ್ನುತ್ತಾರೆ. ಗಲ್ಫಿನಲ್ಲಿರುವ ಉಪ್ಪ ಫೋನಿನಲ್ಲಿ, ಒಂದು ಹಲ್ಲು ತಾನೆ, ಕೀಳಿಸಿಬಿಡು ಎಂದರಂತೆ. ಅಜ್ಜಿಯದು ಬೇರೆಯೇ ಹೆದರಿಕೆ. ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂದು. 'ಇವರನ್ನು ಒಪ್ಪಿಸುವುದು ಹೇಗೆ?' ಎಂಬುದು ಅವಳ ಪ್ರಶ್ನೆ.

ಮಗಳೇ, ಮೊದಲು ನಿನ್ನ ಹಿರಿಯರ ಬಗ್ಗೆ ಒಂದು ಮಾತು. ಅವರಿಗೆ ನಿನ್ನ ಮೇಲೆ ಪ್ರೀತಿಯಿಲ್ಲ ಎಂದು ತಿಳಿಯಬೇಡ. ನಮ್ಮ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಅರ್ಧರಾತ್ರಿಯಲ್ಲಿ ಆಟೋ ಹುಡುಕುತ್ತಾರೆ. ಆದರೆ ಹಲ್ಲುನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಅವರ ಕಾಲದಲ್ಲಿ ಹಲ್ಲು ನೋಯುತ್ತಿತ್ತು, ಅಲುಗಾಡುತ್ತಿತ್ತು, ಕಿತ್ತು ಹಾಕುತ್ತಿದ್ದರು. ನಲವತ್ತು ದಾಟುವಾಗ ಬಾಯಿಯಲ್ಲಿ ಅರ್ಧ ಹಲ್ಲು. ಅದನ್ನೇ ಕಂಡು ಬೆಳೆದವರಿಗೆ ಹಲ್ಲಿನ ಡಾಕ್ಟರು ಎಂದರೆ ದುಡ್ಡಿದ್ದವರ ಶೋಕಿ ಎನಿಸಿದರೆ ಆಶ್ಚರ್ಯವಿಲ್ಲ.

ಹಾಗಾಗಿ ಹಲ್ಲಿನ ಸಂಗತಿ ಮೊದಲು ನಿನಗೆ ಸರಿಯಾಗಿ ತಿಳಿದಿರಬೇಕು. ಶಾಶ್ವತ ದವಡೆ ಹಲ್ಲುಗಳಲ್ಲಿ ಮೊದಲನೆಯದು ಸುಮಾರು 6ನೇ ವಯಸ್ಸಿಗೇ ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಎಲ್ಲದರ ಹಿಂದೆ ಸದ್ದಿಲ್ಲದೆ ಮೂಡುವುದರಿಂದ ಅನೇಕ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಹುಳುಕಾದರೂ ಬಿದ್ದು ಹೊಸದು ಬರುತ್ತದಲ್ಲ ಎಂದು ಸುಮ್ಮನಿರುತ್ತಾರೆ. ಅದು ಹೋದರೆ ಇನ್ನೊಂದು ಬರುವುದಿಲ್ಲ. ಕಿತ್ತ ಜಾಗವನ್ನು ಹಾಗೆಯೇ ಬಿಟ್ಟರೆ ಪಕ್ಕದ ಹಲ್ಲು ಆ ಕಡೆಗೆ ವಾಲುತ್ತದೆ, ಎದುರಿನ ಹಲ್ಲು ಕಚ್ಚಲು ಜೊತೆಯಿಲ್ಲದೆ ಉದ್ದವಾಗುತ್ತದೆ. ಒಂದು ಹಲ್ಲಿನ ಕಥೆ ಮೂರು ಹಲ್ಲಿನದಾಗುತ್ತದೆ. ಉಪ್ಪನಿಗೆ ಹೇಳಬೇಕಾದದ್ದು ಇದನ್ನೇ.

ಹುಳುಕು ಹಲ್ಲಿನ ಮೇಲ್ಪದರದಲ್ಲಿರುವಾಗ ನೋವೇ ಇರುವುದಿಲ್ಲ. ಒಳಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ನರದವರೆಗೆ ತಲುಪಿದಾಗ ಬಿಸಿ ಚಹಾ ಕುಡಿದರೂ ನೋವು, ರಾತ್ರಿ ಮಲಗಿದರೂ ನೋವು. ಇನ್ನೂ ಬಿಟ್ಟರೆ ಒಂದು ದಿನ ನೋವು ತಾನಾಗಿ ನಿಂತುಬಿಡಬಹುದು. ಮನೆಯವರು ಅಲ್‌ಹಮ್ದುಲಿಲ್ಲಾಹ್, ಲವಂಗ ಕೆಲಸ ಮಾಡಿತು ಎನ್ನುತ್ತಾರೆ. ನಿಜವಾಗಿ ಹಲ್ಲಿನೊಳಗಿನ ನರ ಸತ್ತಿರುತ್ತದೆ, ಸೋಂಕು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತಿರುತ್ತದೆ. ಕೆಲವು ತಿಂಗಳಲ್ಲಿ ಕೆನ್ನೆ ಊದಿಕೊಂಡಾಗಲೇ ಗೊತ್ತಾಗುವುದು. ಆಗ ಆಂಟಿಬಯಾಟಿಕ್ ತಿಂದರೆ ಊತ ಇಳಿಯುತ್ತದೆ, ಆದರೆ ಮೂಲ ಹಲ್ಲಿನಲ್ಲೇ ಇರುವುದರಿಂದ ಮತ್ತೆ ಮರಳುತ್ತದೆ. ಮೊದಲ ಹಂತದಲ್ಲಿ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುವುದು, ತಡವಾದರೆ ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ ಹೋಗುತ್ತದೆ. ಕಾದಷ್ಟೂ ಹಣ ಉಳಿಯುವುದಿಲ್ಲ, ಬೆಳೆಯುತ್ತದೆ. ಮದುವೆಯ ಖರ್ಚಿನ ಲೆಕ್ಕ ಹಾಕುತ್ತಿರುವ ಉಮ್ಮನಿಗೆ ಈ ಲೆಕ್ಕ ಅರ್ಥವಾಗದೆ ಇರದು.

ಅಜ್ಜಿಗೆ ಧೈರ್ಯ ಹೇಳು. ಹಲ್ಲು ಕೀಳುವುದಕ್ಕೂ ಕಣ್ಣಿನ ದೃಷ್ಟಿಗೂ ಸಂಬಂಧವಿಲ್ಲ.

ಇನ್ನು ಕೇಳುವ ರೀತಿ. ಉಮ್ಮ ಅಡುಗೆಮನೆಯಲ್ಲಿ ನೆಂಟರಿಗೆ ಪತ್ತಿರಿ ಸುಡುತ್ತಿರುವಾಗ 'ನನ್ನ ಹಲ್ಲು ಯಾರಿಗೂ ಬೇಡ' ಎಂದು ಅಳುವುದರಿಂದ ಪ್ರಯೋಜನವಿಲ್ಲ. ಉಪ್ಪನ ಫೋನು ಬಂದಾಗ ಐದಾರು ಮಂದಿ ಸುತ್ತ ಕುಳಿತಿರುತ್ತಾರೆ, ಆಗಲೂ ಬೇಡ. ಇಶಾ ನಮಾಝ್ ಮುಗಿದು ಮನೆ ತಣ್ಣಗಾದ ಹೊತ್ತಿನಲ್ಲಿ ಉಮ್ಮನ ಬಳಿ ಒಬ್ಬಳೇ ಕುಳಿತುಕೋ. ಅದಕ್ಕೂ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡು. ಯಾವ ರಾತ್ರಿ ಎಚ್ಚರವಾಯಿತು, ಎಷ್ಟು ಮಾತ್ರೆ ತಿಂದೆ, ಯಾವ ದಿನ ಕಾಲೇಜಿಗೆ ರಜೆ ಹಾಕಿದೆ. ನೋವು ಎಂದರೆ ಯಾರೂ ತಲೆ ಎತ್ತುವುದಿಲ್ಲ. ಏಳು ದಿನದಲ್ಲಿ ಹತ್ತು ಮಾತ್ರೆ ಎಂದರೆ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೀಗೆ ನೋವಿನ ಮಾತ್ರೆ ನುಂಗುವುದು ಹೊಟ್ಟೆಗೆ ಹಾನಿ ಎಂಬುದನ್ನು ನೀನೂ ತಿಳಿದುಕೋ. ಕೆಲವರು ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ, ಅದು ವಸಡನ್ನು ಸುಡುತ್ತದೆ.

ಚಿಕಿತ್ಸೆ ಮಾಡಿಸಿ ಎಂದು ಕೇಳಬೇಡ. ಒಮ್ಮೆ ತೋರಿಸೋಣ ಎಂದು ಕೇಳು. ಚಿಕಿತ್ಸೆ ಎಂದ ಕೂಡಲೇ ಹಿರಿಯರ ಕಣ್ಣ ಮುಂದೆ ಎಷ್ಟೆಂದು ಗೊತ್ತಿಲ್ಲದ ಸಾವಿರಗಳು ಬಂದು ನಿಲ್ಲುತ್ತವೆ. ತೋರಿಸಿ, ಒಂದು ಎಕ್ಸ್‌ರೇ ತೆಗೆಸಿ, ಎಷ್ಟಾಗುತ್ತದೆ ಎಂದು ಕೇಳಿ ಬರುವುದಕ್ಕೆ ಯಾರೂ ಅಷ್ಟಾಗಿ ಅಡ್ಡಿ ಹೇಳುವುದಿಲ್ಲ. ಕುಟುಂಬದಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡ ಚಿಕ್ಕಮ್ಮನೋ ಅತ್ತೆಯೋ ಇದ್ದರೆ ಅವರನ್ನು ಮುಂದೆ ಮಾಡು. ನಿನ್ನ ಹತ್ತು ಮಾತಿಗಿಂತ ಅವರ ಒಂದು ಮಾತಿಗೆ ತೂಕ ಹೆಚ್ಚು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ, ಆದರೆ ನಮ್ಮ ಮನೆಗಳು ನಡೆಯುವುದು ಹಾಗೆ.

ಖರ್ಚಿಗೆ ದಾರಿಗಳಿವೆ. ಬಹುತೇಕ ತಾಲೂಕು ಸರಕಾರಿ ಆಸ್ಪತ್ರೆಗಳಲ್ಲಿ ದಂತ ವೈದ್ಯರಿದ್ದಾರೆ. ಮಂಗಳೂರು, ದೇರಳಕಟ್ಟೆಯ ಕಡೆ ಹಲವು ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ನೀಡುವುದರಿಂದ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ. ಸಮಯ ಹೆಚ್ಚು ಹಿಡಿಯುತ್ತದೆ, ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿ ಕಾಯಬೇಕಾಗುತ್ತದೆ. 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲ್ಲಿನ ಸಮಸ್ಯೆಯೂ ಸೇರಿದೆ. ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ತಮ್ಮ ತಂಗಿಯರಿದ್ದರೆ ತಂಡ ಬಂದ ದಿನ ಅವರೂ ಬಾಯಿ ತೆರೆದು ತೋರಿಸಲಿ. ಪುರುಷ ಡಾಕ್ಟರರ ಬಳಿ ಹೋಗಲು ಮನೆಯವರಿಗೆ ಮುಜುಗರವಿದ್ದರೆ, ಇಂದು ಮಹಿಳಾ ದಂತ ವೈದ್ಯರಿಗೆ ಬರಗಾಲವಿಲ್ಲ. ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳು ಬಿಡಿಎಸ್ ಓದಿ ಕ್ಲಿನಿಕ್ ನಡೆಸುತ್ತಿದ್ದಾರೆ.

ಇನ್ನು ತಾಯಂದಿರೊಡನೆ ಎರಡು ಮಾತು. ಉಮ್ಮತ್‌ಗೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝ್‌ಗೂ ಮಿಸ್ವಾಕ್ ಮಾಡುವಂತೆ ಆದೇಶಿಸುತ್ತಿದ್ದೆ ಎಂದು ಪ್ರವಾದಿವರ್ಯರು(ಸ) ಹೇಳಿರುವುದನ್ನು ನಾವು ಮದ್ರಸಾದಲ್ಲೇ ಕಲಿತಿದ್ದೇವೆ. ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದೂ ಅವರು ಆದೇಶಿಸಿದ್ದಾರೆ, ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದೂ ತಿಳಿಸಿದ್ದಾರೆ. ಮದುವೆಯ ಸಭಾಂಗಣಕ್ಕೆ, ವೀಡಿಯೋಗೆ, ಮೂರು ಬಗೆಯ ಬಿರಿಯಾನಿಗೆ ಹಣ ಹೊಂದುವ ಮನೆಯಲ್ಲಿ ಎರಡನೇ ಮಗಳ ಹಲ್ಲಿಗೆ ಹೊಂದುವುದಿಲ್ಲ ಎಂದರೆ ಅದು ಬಡತನವಲ್ಲ. ಆ ಮಗಳು ಅಕ್ಕನ ಮದುವೆಯಲ್ಲಿ ಒಂದೇ ಬದಿಯಲ್ಲಿ ಅಗಿಯುತ್ತಾ ಕುಳಿತಿರುತ್ತಾಳೆ.

ಹಲ್ಲಿಗೆ ಕ್ಲಿಪ್ ಹಾಕಿಸುವ ಬಗ್ಗೆಯೂ ಹುಡುಗಿಯರು ಕೇಳುತ್ತಿರುತ್ತಾರೆ. ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತೆ ಆಗುವುದಿಲ್ಲವೇ ಎಂಬ ಅಳುಕು ಕೆಲವು ಹೆತ್ತವರಿಗಿದೆ. ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವುದನ್ನು ಖಂಡಿಸುವ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಅದೇ ವೇಳೆ, ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ) ಎಂಬ ಸಹಾಬಿಗೆ, ಹಾಕಿಸಿಕೊಂಡ ಬೆಳ್ಳಿಯ ಮೂಗು ವಾಸನೆ ಬಂದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿ ನೀಡಿದ ಘಟನೆ ಅಬೂ ದಾವೂದ್, ತಿರ್ಮಿದಿಗಳಲ್ಲಿ ವರದಿಯಾಗಿದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಲ್ಲಿ ಅಗತ್ಯವನ್ನು ಪರಿಗಣಿಸಲಾಯಿತು. ದೋಷವನ್ನು ಸರಿಪಡಿಸುವುದು ಬೇರೆ, ಚೆನ್ನಾಗಿರುವುದನ್ನು ತಿದ್ದುವುದು ಬೇರೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಉಬ್ಬಿದ ಹಲ್ಲಿನಿಂದ ತುಟಿ ಮುಚ್ಚಲಾಗದ, ಒತ್ತೊತ್ತಾದ ಹಲ್ಲಿನ ನಡುವೆ ಅನ್ನದ ಅಗುಳು ಸಿಕ್ಕಿ ಹುಳುಕಾಗುವ ಮಕ್ಕಳಿಗೆ ಕ್ಲಿಪ್ ಎನ್ನುವುದು ಚಿಕಿತ್ಸೆಯೇ. ಸಂಶಯವಿದ್ದರೆ ನಿಮ್ಮ ಜಮಾಅತಿನ ಉಲಮಾಗಳಲ್ಲಿ ಕೇಳಿ. ಆದರೆ ಗೆಳತಿ ಹಾಕಿಸಿದಳೆಂದು ನಾನೂ ಹಾಕಿಸುವೆ ಎನ್ನುವ ಹುಡುಗಿಯರು ಸ್ವಲ್ಪ ತಾಳಬೇಕು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುವ ಕೆಲಸವದು, ಪ್ರಾಯಕ್ಕೆ ಬಂದ ಮೇಲೂ ಮಾಡಿಸಬಹುದು. ಹುಳುಕು ಹಲ್ಲಿಗೆ ಆ ಬಿಡುವು ಇಲ್ಲ.

ಮಗಳೇ, ನಿನ್ನ ಕೆನ್ನೆಯೋ ಗಲ್ಲದ ಕೆಳಗೋ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಯಾವ ಮಾತುಕತೆಗೂ ಕಾಯಬೇಡ. ಅಂದೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾಗಿದ್ದರೂ ಸರಿ. ಇನ್‌ಶಾ ಅಲ್ಲಾಹ್ ಅಲ್ಲಿಯವರೆಗೆ ಹೋಗದು. ಡಾಕ್ಟರರು ರೂಟ್ ಕೆನಾಲ್ ಎಂದರೆ ಅದು ಒಂದೇ ದಿನದಲ್ಲಿ ಮುಗಿಯದಿರಬಹುದು. ಮೊದಲ ಸಲಕ್ಕೇ ನೋವು ಹೋಯಿತೆಂದು ಹಲವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಕ್ಯಾಪ್ ಇಲ್ಲದ ಹಲ್ಲು ಒಂದು ದಿನ ಎಲುಬು ಕಚ್ಚುವಾಗ ಸೀಳಿಹೋಗುತ್ತದೆ. ಕ್ಯಾಪ್‌ನ ಖರ್ಚು ಎಷ್ಟೆಂದು ಮೊದಲ ದಿನವೇ ಕೇಳಿ, ಉಪ್ಪನಿಗೆ ಎರಡನ್ನೂ ಸೇರಿಸಿಯೇ ಹೇಳು.