ಟೈರಿನ ಮೇಲಿನ ನಾಲ್ಕು ಅಂಕಿ

ಗಾಡಿಯ ವಯಸ್ಸನ್ನು ಅದು ಓಡಿದ ಕಿಲೋಮೀಟರಿನಿಂದ ಅಳೆಯುವುದು ನಮ್ಮಲ್ಲಿ ರೂಢಿ. ಕಡಿಮೆ ಓಡಿದೆ, ಹಾಗಾಗಿ ಗಟ್ಟಿಯಾಗಿದೆ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ಒಪ್ಪಿ ತಲೆಯಾಡಿಸುತ್ತಾರೆ. ಈ ಲೆಕ್ಕ ತಪ್ಪು. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಮುಪ್ಪಾಗುತ್ತದೆ, ಮುಪ್ಪಾದದ್ದು ಹೊರಗೆ ಕಾಣುವುದೂ ಇಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಹಳೆಯ ಮೋಟರ್‌ಹೋಮ್ ಒಂದನ್ನು ಇಟ್ಟುಕೊಂಡು, ಪ್ರತಿ ವಸಂತದಲ್ಲೂ ಅದನ್ನು ದೂರದ ದಾರಿಗೆ ಸಿದ್ಧಮಾಡುವವನಾಗಿ ನಾನು ಈ ಮಾತು ಹೇಳುತ್ತಿದ್ದೇನೆ. ಇದು ಬೇಸಿಗೆ ರಜೆಗೆ ಟೆಂಪೋ ಟ್ರಾವೆಲರ್ (ಟಿಟಿ) ಬುಕ್ ಮಾಡಿ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಡುವ ನನ್ನೂರಿನ ಜನರಿಗೂ ಅಷ್ಟೇ ಸಲ್ಲುವ ಮಾತು.

ನಮ್ಮದು 2004ರ ಗಾಡಿ. ಫೋರ್ಡ್ ಇ-450 ಚಾಸಿ, 6.8 ಲೀಟರಿನ ಹತ್ತು ಸಿಲಿಂಡರ್ ಎಂಜಿನ್. ಅದರ ಬೆನ್ನ ಮೇಲೆ ಒಂದು ಪುಟ್ಟ ಮನೆ: ಗ್ಯಾಸ್ ಒಲೆ, ಫ್ರಿಜ್ಜು, ಬಚ್ಚಲು, ಚಾಲಕನ ತಲೆಯ ಮೇಲೊಂದು ಹಾಸಿಗೆ. ಅಕ್ಟೋಬರ್ ಕೊನೆಗೆ ನೀರಿನ ಪೈಪುಗಳನ್ನೆಲ್ಲ ಖಾಲಿ ಮಾಡಿ, ಅವು ಚಳಿಗೆ ಒಡೆಯದಂತೆ ಗುಲಾಬಿ ಬಣ್ಣದ ದ್ರವ ತುಂಬಿಸಿ ನಿಲ್ಲಿಸಿಬಿಟ್ಟರೆ ಹಿಮ ಕರಗುವ ತನಕ ಅದು ಅಲ್ಲಾಡುವುದಿಲ್ಲ. ಅರ್ಧ ವರ್ಷ ನಿಲ್ಲುವುದು ಅಂಥ ಗಾಡಿಯ ಹಣೆಬರಹ. ಆ ಅರ್ಧ ವರ್ಷದಲ್ಲಿ ಏನೇನಾಗಿದೆ ಎಂದು ಹುಡುಕುವುದೇ ಏಪ್ರಿಲ್, ಮೇ ತಿಂಗಳ ನಮ್ಮ ಕೆಲಸ.

ಎಲ್ಲಕ್ಕಿಂತ ಮೊದಲು ಟೈರು. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಅಚ್ಚಾಗಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಉಳಿದೆರಡು ವರ್ಷ. 2317 ಎಂದಿದ್ದರೆ ಆ ಟೈರು 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಭಾರತದಲ್ಲಿ ಮಾರುವ ಟೈರುಗಳ ಮೇಲೂ ಈ ವಾರ-ವರ್ಷದ ಅಂಕಿ ಇರುತ್ತದೆ. ಎಷ್ಟೋ ಸಲ ಅದು ಟೈರಿನ ಒಂದೇ ಬದಿಯಲ್ಲಿರುತ್ತದೆ, ಆ ಬದಿ ಗಾಡಿಯ ಒಳಮುಖಕ್ಕೆ ತಿರುಗಿರುತ್ತದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿ ಓದಬೇಕು. ಹಿಂದಿನ ಆಕ್ಸಲ್‌ಗೆ ಜೋಡಿ ಟೈರು ಇರುವ ಗಾಡಿಯಾದರೆ ಒಳಗಿನ ಟೈರನ್ನು ನೋಡುವುದು ಇನ್ನೂ ಕಷ್ಟ. ಹವಾ ಕಡಿಮೆಯಾಗಿ ಕೆಡುವುದೂ ಹೆಚ್ಚಾಗಿ ಅದೇ ಒಳಗಿನ ಟೈರು.

ಟೈರಿನ ಗೆರೆ ಆಳವಾಗಿದೆಯಲ್ಲ, ಸಾಕಲ್ಲವೇ ಎಂದು ಕೇಳುವವರಿಗೆ ನಾನು ರಬ್ಬರಿನ ಸ್ವಭಾವ ಹೇಳುತ್ತೇನೆ. ಗಾಳಿಯ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ತಯಾರಿಸುವವರು ರಬ್ಬರಿನೊಳಗೇ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳುವಾಗ, ನೆಲಕ್ಕೆ ತಾಗಿದಲ್ಲಿ ಬಳುಕಿ ಮತ್ತೆ ನೇರವಾಗುವಾಗ, ಆ ಮೇಣ ಒಳಗಿನಿಂದ ಮೇಲ್ಮೈಗೆ ಬಂದು ಪೊರೆ ಕಟ್ಟುತ್ತದೆ. ನಿಂತ ಟೈರಿಗೆ ಈ ಪೊರೆ ಸರಿಯಾಗಿ ದಕ್ಕುವುದಿಲ್ಲ. ಬಿಸಿಲು ಒಂದು ಕಡೆಯಿಂದ ಸುಡುತ್ತದೆ, ಭಾರ ಒಂದೇ ಜಾಗದ ಮೇಲೆ ಕೂತಿರುತ್ತದೆ, ಒಳಗಿನ ಪದರಗಳನ್ನು ಅಂಟಿಸಿದ ರಬ್ಬರು ಆಮ್ಲಜನಕಕ್ಕೆ ಸಿಕ್ಕಿ ಪೆಡಸಾಗುತ್ತದೆ. ಹೊರಗಿನ ಗೆರೆ ಹೊಸದರ ಹಾಗೇ ಇರುತ್ತದೆ. ಅಂಥ ಟೈರನ್ನು ಸುಡುವ ಡಾಂಬರಿನ ಮೇಲೆ ತುಂಬಿದ ಗಾಡಿಯ ಕೆಳಗೆ ಗಂಟೆಗಟ್ಟಲೆ ಓಡಿಸಿದಾಗ ಮೇಲಿನ ಪದರ ಕಿತ್ತು ಬರುತ್ತದೆ. ಆರು ವರ್ಷವಾದ ಟೈರನ್ನು ಗೆರೆ ಎಷ್ಟೇ ಇರಲಿ ಬದಲಿಸಿ ಎಂದು ಹಲವು ವಾಹನ ತಯಾರಕರು ಹೇಳುತ್ತಾರೆ; ಹತ್ತು ವರ್ಷದಾಚೆ ಬೇಡವೇ ಬೇಡ ಎಂದು ಟೈರು ತಯಾರಕರಲ್ಲಿ ಕೆಲವರು ಹೇಳುತ್ತಾರೆ. ನಾನು ಆರಕ್ಕೇ ನಿಲ್ಲುತ್ತೇನೆ. ಆರೂ ಟೈರನ್ನು ಒಟ್ಟಿಗೆ ಬದಲಿಸುವುದೆಂದರೆ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಆದರೂ ಈ ಖರ್ಚಿನಲ್ಲಿ ಚೌಕಾಸಿ ಸಲ್ಲದು.

ಸೌತ್ ಡಕೋಟದ ಐ-90 ಹೆದ್ದಾರಿಯಲ್ಲಿ ಒಮ್ಮೆ ನಮ್ಮ ಮುಂದೆ ಹೋಗುತ್ತಿದ್ದ ಮೋಟರ್‌ಹೋಮಿನ ಹಿಂಬದಿ ಟೈರು ಸಿಡಿಯಿತು. ಗಾಡಿ ನಿಂತಿತು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಿತ್ತ ರಬ್ಬರಿನ ಪಟ್ಟಿ ಚಾಟಿಯೇಟಿನಂತೆ ಬೀಸಿ ಚಕ್ರದ ಮೇಲಿನ ನೆಲವನ್ನೇ ತೂತು ಮಾಡಿ, ಕೊಳಚೆ ನೀರಿನ ಪೈಪನ್ನೂ ವೈರುಗಳನ್ನೂ ಹರಿದು ಹಾಕಿತ್ತು. ಇಂಥ ಗಾಡಿಗಳಲ್ಲಿ ಗ್ಯಾಸಿನ ಪೈಪು ಕೂಡ ಅಲ್ಲೇ ಎಲ್ಲೋ ಹಾದುಹೋಗಿರುತ್ತದೆ. ಇಳಿದು ನೆರವಾಗಲು ಹೋದಾಗ ಆ ಟೈರಿನ ಉಳಿದ ಭಾಗ ನೋಡಿದೆ. ಗೆರೆ ಬೇಕಾದಷ್ಟಿತ್ತು.

ಭಾರದ ಮಾತನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಟೈರಿನ ಮಾತೂ ಭಾರದ ಮಾತೂ ಒಂದೇ. ನಮ್ಮ ಗಾಡಿಯ ಹಿಂದಿನ ಆಕ್ಸಲ್ ಹೊರಬಹುದಾದ ಮಿತಿ 9,450 ಪೌಂಡು. ಅದರ ನಾಲ್ಕು ಟೈರುಗಳು ಪೂರ್ತಿ 80 ಪೌಂಡು ಹವಾ ಇದ್ದಾಗ ಹೊರಬಲ್ಲದ್ದು 9,880 ಪೌಂಡು. ನಡುವೆ ಉಳಿದ ಅಂತರ ಇನ್ನೂರು ಕೇಜಿಯೂ ಇಲ್ಲ. ಹವಾ ಸ್ವಲ್ಪ ಇಳಿದರೆ ಅಷ್ಟೂ ಹೋಯಿತು. ನೂರೈವತ್ತು ಲೀಟರ್ ನೀರು ತುಂಬಿದರೆ ನೂರೈವತ್ತು ಕೇಜಿ. ಅಕ್ಕಿ ಮೂಟೆ, ಕುಕ್ಕರು, ಮೊಮ್ಮಕ್ಕಳ ಸೈಕಲ್ಲು ಎಲ್ಲ ಆಮೇಲೆ. ಹಾಗಾಗಿ ಹೊರಡುವ ಮೊದಲು ಎಲ್ಲವನ್ನೂ ತುಂಬಿಸಿ ಟ್ರಕ್ಕುಗಳು ನಿಲ್ಲುವ ತಾಣದ ತೂಕದ ಕಟ್ಟೆಗೆ ಒಯ್ಯುತ್ತೇವೆ. ಮುಂದಿನ ಚಕ್ರದ್ದು ಬೇರೆ, ಹಿಂದಿನದು ಬೇರೆ ತೂಕದ ಚೀಟಿ ಸಿಗುತ್ತದೆ. ಜಾಸ್ತಿ ಬಂದರೆ ಸಾಮಾನು ಮನೆಗೆ ವಾಪಸು. ಸೌತ್ ಡಕೋಟದ ಅದೇ ಹೆದ್ದಾರಿಯಲ್ಲಿ ಗಂಟೆಗೆ 80 ಮೈಲಿ ಓಡಿಸಲು ಕಾನೂನು ಬಿಡುತ್ತದೆ. ನಾನು 60ರ ಮೇಲೆ ಹೋಗುವುದಿಲ್ಲ.

ಮಾಡಿನ ಕೆಲಸ ನನ್ನ ಹೆಂಡತಿಯದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಂತೆ ಅವಳು ಏಣಿ ಹತ್ತಿ ರಬ್ಬರು ಹಾಳೆಯ ಮಾಡನ್ನು ಅಂಗುಲ ಅಂಗುಲ ನೋಡುತ್ತಾಳೆ. ಗಾಳಿಕಿಂಡಿ, ಆಂಟೆನಾ, ಎಸಿ ಕೂತಲ್ಲೆಲ್ಲ ಹಚ್ಚಿದ ಮೇಣದಂಥ ಅಂಟು ಬಿಸಿಲಿಗೂ ಹಿಮಕ್ಕೂ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗಿಳಿದು ಗೋಡೆಯೊಳಗಿನ ಮರದ ಪಟ್ಟಿಗಳನ್ನು ಕೊಳೆಸುತ್ತದೆ. ಒಳಗಿನ ಗೋಡೆಯನ್ನು ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಹೋದರೆ ಅಷ್ಟರಲ್ಲಿ ತಡವಾಗಿರುತ್ತದೆ. ಹಳೆಯ ಮೋಟರ್‌ಹೋಮುಗಳು ಗುಜರಿ ಸೇರುವುದು ಎಂಜಿನ್ ಸತ್ತು ಅಲ್ಲ, ಹೆಚ್ಚಿನವು ನೀರಿಳಿದು ಸಾಯುತ್ತವೆ ಎಂದು ಇಲ್ಲಿ ಈ ಕೆಲಸ ಬಲ್ಲವರು ಹೇಳುತ್ತಾರೆ. ನಾನು ಕಂಡದ್ದೂ ಅದನ್ನೇ. ವರ್ಷಕ್ಕೆ ಎರಡು ಬಾರಿ ಒಂದು ಟ್ಯೂಬ್ ಅಂಟು ಹಿಡಿದು ಮಾಡು ಹತ್ತುವವರ ಗಾಡಿ ಇಪ್ಪತ್ತು ವರ್ಷವಾದರೂ ನಿಂತಿರುತ್ತದೆ.

ಗ್ಯಾಸಿನ ಸಂಗತಿ ಬೇರೆ, ಅಲ್ಲಿ ಭಯ ಇರಬೇಕು. ನಮ್ಮ ಮೋಟರ್‌ಹೋಮಿನ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ. ಹಿಂದೊಂದು ಪುಟ್ಟ ಜ್ವಾಲೆ ಉರಿಯುತ್ತದೆ. ಆ ಬಿಸಿಗೆ ನೀರಿನಿಂದ ಬೇರ್ಪಟ್ಟ ಅಮೋನಿಯಾ ಆವಿಯಾಗಿ, ತಣಿದು, ಮತ್ತೆ ಆವಿಯಾಗುವಾಗ ಒಳಗಿನ ಶಾಖ ಹೀರಿಕೊಳ್ಳುತ್ತದೆ. ಬೆಂಕಿಯಿಂದ ಮಂಜುಗಡ್ಡೆ ತೆಗೆಯುವ ಈ ಉಪಾಯ 1922ರಲ್ಲಿ ಬಾಲ್ತಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಸ್ವೀಡಿಷ್ ವಿದ್ಯಾರ್ಥಿಗಳದು. ತಿರುಗುವ ಭಾಗವೇ ಇಲ್ಲದ್ದರಿಂದ ಹಲವು ವರ್ಷ ಬಾಳುತ್ತದೆ, ನನಗೆ ಅದರ ಮೇಲೆ ತುಂಬ ಗೌರವ. ಆದರೆ ಒಳಗಿನ ದ್ರವ ತಾನಾಗಿ ಇಳಿದು ಹರಿಯಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಚಳಿಗಾಲದಲ್ಲಿ ಜ್ವಾಲೆಯ ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ, ಬೇಸಿಗೆಯಲ್ಲಿ ಕಣಜ ಗೂಡು ಹಾಕುತ್ತದೆ. ಗಾಳಿ ಸಾಲದೆ ಉರಿದ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಅದಕ್ಕಾಗಿ ಗೋಡೆಗೆ ಹಾಕಿದ ಎಚ್ಚರಿಕೆಯ ಪೆಟ್ಟಿಗೆಗೂ ಆಯುಸ್ಸಿದೆ, ಸಾಮಾನ್ಯವಾಗಿ ಐದರಿಂದ ಏಳು ವರ್ಷ. ತಾರೀಖು ಅದರ ಬೆನ್ನ ಮೇಲೆ ಇರುತ್ತದೆ. ಗುಂಡಿ ಒತ್ತಿದಾಗ ಕೂಗಿತು ಎಂದರೆ ಅದರ ಬಾಯಿ ಸರಿ ಇದೆ ಎಂದಷ್ಟೇ ಅರ್ಥ, ಮೂಗು ಸತ್ತಿರಬಹುದು. ಗ್ಯಾಸ್ ಪೈಪಿನ ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡದೆ ನಾವು ಒಲೆ ಹಚ್ಚುವುದಿಲ್ಲ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಜನರೇಟರ್ ತಿಂಗಳಿಗೊಮ್ಮೆಯಾದರೂ ಭಾರ ಕೊಟ್ಟು ಓಡಿಸುವುದು, ನೀರಿನ ಟ್ಯಾಂಕಿಗೆ ಬ್ಲೀಚ್ ಹಾಕಿ ಒಂದು ರಾತ್ರಿ ಬಿಟ್ಟು ತೊಳೆಯುವುದು, ಇವೆಲ್ಲ ಕೈಗೆ ರೂಢಿಯಾಗುವ ಕೆಲಸಗಳು. ಬ್ರೇಕು ಹಾಗಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಗಾಡಿ ನಿಂತಿದ್ದರೂ ಹೀರುತ್ತದೆ. ನೀರು ಸೇರಿದಷ್ಟೂ ಅದು ಕುದಿಯುವ ಬಿಸಿ ಕೆಳಗಿಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಯೆಲ್ಲೋಸ್ಟೋನ್‌ಗೆ ಹೋಗುವ ದಾರಿಯಲ್ಲಿ ಬಿಗ್‌ಹಾರ್ನ್ ಬೆಟ್ಟಸಾಲು ಸಿಗುತ್ತದೆ. ಅದನ್ನು ದಾಟಲು ಮೂರು ದಾರಿಗಳಿವೆ. 14ಎ ಎಂಬ ದಾರಿ ಶೇ 10ರಷ್ಟು ಇಳಿಜಾರಿನದು, ಹಳೆಯ ಭಾರದ ಗಾಡಿಗೆ ಅದು ಬೇಡ. ನಾವು ಬಫಲೋ ಊರಿನಿಂದ 16ನೇ ಹೆದ್ದಾರಿ ಹಿಡಿದು, 9,666 ಅಡಿಯ ಪೌಡರ್ ರಿವರ್ ಪಾಸ್ ದಾಟಿ, ಟೆನ್ ಸ್ಲೀಪ್ ಕಡೆಗೆ ಸಣ್ಣ ಗೇರಿನಲ್ಲಿ ಎಂಜಿನ್ನಿಗೇ ತಡೆಯುವ ಕೆಲಸ ಕೊಟ್ಟು ಇಳಿಯುತ್ತೇವೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಸಾಗರದಲ್ಲಿ ಲಾರಿ ಇಟ್ಟುಕೊಂಡಿದ್ದ ನನ್ನ ಸೋದರಮಾವ ಹೇಳುತ್ತಿದ್ದರು. ಅವರು ಪ್ರತಿ ಸಲ ಟೀ ಕುಡಿಯಲು ನಿಂತಾಗಲೂ ಕಬ್ಬಿಣದ ರಾಡಿನಿಂದ ಟೈರುಗಳನ್ನು ತಟ್ಟಿ ಸದ್ದು ಕೇಳುತ್ತಿದ್ದರು, ಹವಾ ಕಮ್ಮಿಯಾದದ್ದು ಸದ್ದಿನಲ್ಲೇ ತಿಳಿಯುತ್ತಿತ್ತು.

ಮಿಷಿಗನ್‌ನಲ್ಲಿ ಖಾಸಗಿ ಗಾಡಿಗಳಿಗೆ ವರ್ಷವರ್ಷದ ಸುರಕ್ಷತಾ ತಪಾಸಣೆ ಎಂಬುದೇ ಇಲ್ಲ. ನನ್ನ ಗಾಡಿಯನ್ನು ನಾನು ನೋಡದಿದ್ದರೆ ಇನ್ನಾರೂ ನೋಡುವುದಿಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಭಾರತದಲ್ಲಿ ಬಾಡಿಗೆ ಗಾಡಿಗಳಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಇದೆ: ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಒಳ್ಳೆಯ ಕಟ್ಟಳೆ. ಆದರೆ ಎಫ್‌ಸಿ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು. 2020ರಲ್ಲಿ ಲಾಕ್‌ಡೌನ್ ಆದಾಗ ಪ್ರವಾಸದ ಗಾಡಿಗಳು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಿದ್ದವು. ಈಗಲೂ ಸೀಸನ್ ಮುಗಿದರೆ ನಿಲ್ಲುತ್ತವೆ. ಏಪ್ರಿಲ್ ಬಂದೊಡನೆ ಅವೇ ಗಾಡಿಗಳು ಹಿರಿಯರನ್ನೂ ಕೈಗೂಸುಗಳನ್ನೂ ಕೂರಿಸಿಕೊಂಡು, ತಲೆಯ ಮೇಲೆ ಪಾತ್ರೆಪಡಗ ಹೊತ್ತುಕೊಂಡು ಘಾಟಿ ಇಳಿಯುತ್ತವೆ.

2025ರ ಏಪ್ರಿಲ್‌ನಲ್ಲಿ ನನ್ನ ತಮ್ಮ ಹೊರನಾಡು, ಶೃಂಗೇರಿ, ಆಗುಂಬೆ ಘಾಟಿ ಇಳಿದು ಉಡುಪಿ ಎಂದು ಮನೆಮಂದಿಗೆಲ್ಲ ಟಿಟಿ ಗೊತ್ತುಮಾಡಿದ್ದ. "ಅಣ್ಣಾ, ಗಾಡಿ ಫಳಫಳ ಅಂತಿದೆ, ಸೀಟಿಗೆಲ್ಲ ಹೊಸ ಕವರು, ಟೈರಿನ ಗೆರೇನೂ ಆಳ ಇದೆ. ಇನ್ನೇನು ನೋಡ್ಲಿ?" ಎಂದ. "ಕೂತ್ಕೊಂಡು ಆ ನಾಲ್ಕು ಅಂಕಿ ಓದಪ್ಪಾ" ಎಂದೆ. 2216. ಒಂಬತ್ತು ವರ್ಷಕ್ಕೆ ಒಂದೆರಡು ತಿಂಗಳು ಕಮ್ಮಿ. ಹದಿನಾಲ್ಕು ತಿರುವಿನ ಘಾಟಿಗೆ ಆ ಟೈರು. ಗಾಡಿಯ ಯಜಮಾನರು ಮೊದಲು ಬೇಸರಪಟ್ಟರಂತೆ. ಆಮೇಲೆ ತಾವೂ ಬಗ್ಗಿ ಓದಿ, ಬೇರೆ ಗಾಡಿ ಕಳಿಸಿದರು. ಅವರಿಗೂ ಆ ಅಂಕಿಯ ಅರ್ಥ ಅಂದೇ ಗೊತ್ತಾದದ್ದು ಎಂದು ತಮ್ಮ ಹೇಳಿದ. ಯಜಮಾನರಲ್ಲಿ ಕೆಡುಕು ಇರಲಿಲ್ಲ, ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಗಾಡಿ ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ರಬ್ಬರು, ಆಯಿಲ್, ಅಂಟು ಇವುಗಳನ್ನು ಕಾಲಕಾಲಕ್ಕೆ ಬದಲಿಸಿದ ಹಳೆಯ ಗಾಡಿ, ಯಾರೂ ಬಗ್ಗಿ ನೋಡದ ಐದು ವರ್ಷದ ಗಾಡಿಗಿಂತ ಎಷ್ಟೋ ಮೇಲು. ಸಾರಿಗೆ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟು: ಪ್ರವಾಸದ ಗಾಡಿಯ ಎಫ್‌ಸಿಯಲ್ಲಿ ಸ್ಟೆಪ್ನಿ ಸಮೇತ ಪ್ರತಿ ಟೈರಿನ ತಯಾರಿಕೆಯ ವಾರ-ವರ್ಷ ಬರೆಯಲಿ, ಪ್ರಯಾಣಿಕರಿಗೆ ಕಾಣುವಂತೆ ಗಾಡಿಯೊಳಗೂ ಅಂಟಿಸಲಿ. ಬಾಡಿಗೆಗೆ ಕೊಡುವವರು ಕೊನೆಯ ಸಲ ಬ್ರೇಕ್ ಆಯಿಲ್ ಬದಲಿಸಿದ ತಾರೀಖನ್ನು ಟ್ರಿಪ್ ಶೀಟಿನಲ್ಲೇ ಬರೆದು ಕೊಡಲಿ. ಅದಾಗುವವರೆಗೆ ಈ ಕೆಲಸ ನಿಮ್ಮದು. ಅಡ್ವಾನ್ಸ್ ಕೊಡುವ ಮೊದಲು ಟೈರಿನ ಪಕ್ಕ ಕುಳಿತು ನಾಲ್ಕು ಅಂಕಿ ಓದಿ. ಆರು ವರ್ಷ ದಾಟಿದ್ದರೆ ಬೇರೆ ಗಾಡಿ ಕೇಳಿ.